ಗಾಜಿನ ಮನೆಯಿಂದ ಚಂದ್ರನವರೆಗೆ: 1969ರ ಜುಲೈ ತಿಂಗಳು

1969ರ ಜುಲೈ 21, ಸೋಮವಾರ. ಭಾರತೀಯ ಕಾಲಮಾನದಲ್ಲಿ ಬೆಳಿಗ್ಗೆ 8 ಗಂಟೆ 26 ನಿಮಿಷಕ್ಕೆ ನೀಲ್ ಆರ್ಮ್‌ಸ್ಟ್ರಾಂಗ್ ಚಂದ್ರನ ನೆಲದ ಮೇಲೆ ಕಾಲಿಟ್ಟರು. ಅದೇ ಬೆಳಿಗ್ಗೆ ದೇಶದ ಹದಿನಾಲ್ಕು ದೊಡ್ಡ ಖಾಸಗಿ ಬ್ಯಾಂಕುಗಳು ಸರ್ಕಾರದ ಸ್ವತ್ತಾಗಿ ಮೊದಲ ಸಲ ವಾರದ ವ್ಯವಹಾರಕ್ಕೆ ಬಾಗಿಲು ತೆರೆದವು. ದೆಹಲಿಯಲ್ಲಿ ಸಂಸತ್ತಿನ ಅಧಿವೇಶನವೂ ಅಂದೇ ಆರಂಭವಾಯಿತು. ಹಂಗಾಮಿ ರಾಷ್ಟ್ರಪತಿಯ ಕುರ್ಚಿಯಲ್ಲಿ ಹಿಂದಿನ ದಿನವಷ್ಟೇ ಹೊಸಬರು ಕುಳಿತಿದ್ದರು. ಈ ಸುದ್ದಿಗಳಲ್ಲಿ ಒಂದು ಅಮೆರಿಕದ್ದು. ಉಳಿದವುಗಳ ಎಳೆ ಹಿಡಿದು ಹಿಂದಕ್ಕೆ ಹೋದರೆ ಅದು ಬಂದು ನಿಲ್ಲುವುದು ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ, ಅದೇ ತಿಂಗಳ ಎರಡನೆಯ ವಾರದಲ್ಲಿ.

ಆಗಿನ ರಾಜ್ಯ, ಆಗಿನ ಸುದ್ದಿವಾಹಕಗಳು

ಕರ್ನಾಟಕಕ್ಕೆ ಆಗ ಮೈಸೂರು ರಾಜ್ಯ ಎಂಬ ಹೆಸರೇ ಇತ್ತು. ಈಗಿನ ಹೆಸರು ಬಂದದ್ದು 1973ರ ನವೆಂಬರ್ 1ರಂದು. ನೆರೆಯ ಮದರಾಸು ರಾಜ್ಯ ಮಾತ್ರ 1969ರ ಜನವರಿಯಲ್ಲೇ ತಮಿಳುನಾಡು ಆಗಿತ್ತು. ಮೈಸೂರು ರಾಜ್ಯದ ಮುಖ್ಯಮಂತ್ರಿ ವೀರೇಂದ್ರ ಪಾಟೀಲರು. ಅವರಿಗಿಂತ ಮೊದಲು ಆ ಸ್ಥಾನದಲ್ಲಿದ್ದ ಎಸ್. ನಿಜಲಿಂಗಪ್ಪನವರು 1968ರಲ್ಲಿ ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾಗಿ ದೆಹಲಿಗೆ ಹೋಗಿದ್ದರು. 1971ರ ಜನಗಣತಿಯಲ್ಲಿ ಬೆಂಗಳೂರು ನಗರದ ಜನಸಂಖ್ಯೆ ಸುಮಾರು ಹದಿನಾರೂವರೆ ಲಕ್ಷ. ಊರು ಬೆಳೆಯುತ್ತಿತ್ತು, ಆದರೆ ಟೆಲಿವಿಷನ್ ಇರಲಿಲ್ಲ. ದೇಶದಲ್ಲಿ ಟೆಲಿವಿಷನ್ ಇದ್ದದ್ದು ದೆಹಲಿಯೊಂದರಲ್ಲಿ, ಅದೂ 1959ರ ಸೆಪ್ಟೆಂಬರಿನಲ್ಲಿ ಪ್ರಯೋಗವಾಗಿ ಆರಂಭವಾದ ಕೇಂದ್ರ. ಮುಂಬಯಿಗೆ ಅದು ಬಂದದ್ದು 1972ರಲ್ಲಿ, ಬೆಂಗಳೂರಿಗೆ ಎಂಬತ್ತರ ದಶಕದಲ್ಲಿ.

ಹೀಗಾಗಿ ಸುದ್ದಿ ಮನೆಗೆ ಬರಲು ಇದ್ದ ದಾರಿ ಎರಡೇ: ರೇಡಿಯೊ ಮತ್ತು ಪತ್ರಿಕೆ. ಆಕಾಶವಾಣಿಯ ಕೇಂದ್ರಗಳು ಬೆಂಗಳೂರು, ಧಾರವಾಡ, ಭದ್ರಾವತಿ, ಗುಲ್ಬರ್ಗಗಳಲ್ಲಿದ್ದವು. ದೆಹಲಿಯಿಂದ ಬರುವ ಕನ್ನಡ ವಾರ್ತೆಯನ್ನು ಅವು ಮರುಪ್ರಸಾರ ಮಾಡುತ್ತಿದ್ದವು. ರೇಡಿಯೊ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ವರ್ಷಕ್ಕೊಮ್ಮೆ ಲೈಸೆನ್ಸು ಕಟ್ಟಬೇಕಿತ್ತು. ಬ್ಯಾಟರಿಯಿಂದ ನಡೆಯುವ ಟ್ರಾನ್ಸಿಸ್ಟರ್ ಬಂದ ಮೇಲೆ ವಿದ್ಯುತ್ ಇಲ್ಲದ ಹಳ್ಳಿಗೂ ವಾರ್ತೆ ತಲುಪತೊಡಗಿತ್ತು. ಮನೆಯಲ್ಲಿ ಇಲ್ಲದವರಿಗೆ ಹೋಟೆಲಿನ ಗಲ್ಲಾಪೆಟ್ಟಿಗೆಯ ಪಕ್ಕದ ರೇಡಿಯೊ ಇತ್ತು, ಪಂಚಾಯಿತಿಯ ರೇಡಿಯೊ ಇತ್ತು.

ಪತ್ರಿಕೆಗಳ ಪೈಕಿ ಬೆಂಗಳೂರಿನಲ್ಲಿ 1948ರಿಂದ ‘ಪ್ರಜಾವಾಣಿ’, 1967ರ ನವೆಂಬರಿನಿಂದ ‘ಕನ್ನಡಪ್ರಭ’, ಹುಬ್ಬಳ್ಳಿ ಕಡೆಗೆ ‘ಸಂಯುಕ್ತ ಕರ್ನಾಟಕ’, ಮಂಗಳೂರಿನಲ್ಲಿ ‘ನವಭಾರತ’. ವಾರಕ್ಕೊಮ್ಮೆ ಬರುವ ‘ಸುಧಾ’ 1965ರಲ್ಲೂ ತಿಂಗಳಿಗೊಮ್ಮೆ ಬರುವ ‘ಮಯೂರ’ 1968ರಲ್ಲೂ ಹುಟ್ಟಿದ್ದವು. 1956ರಿಂದ ನಡೆಯುತ್ತಿದ್ದ ‘ಕಸ್ತೂರಿ’ ಲೋಕದ ಸಂಗತಿಗಳನ್ನು ಕನ್ನಡಕ್ಕೆ ಇಳಿಸಿ ಕೊಡುತ್ತಿತ್ತು. ರೇಡಿಯೊ ಮುಟ್ಟಿಸಿದ ಸುದ್ದಿಗೆ ಮರುದಿನ ಪತ್ರಿಕೆಯಲ್ಲಿ ವಿವರ, ಮುಂದಿನ ವಾರ ವಾರಪತ್ರಿಕೆಯಲ್ಲಿ ಚಿತ್ರ ಸಿಗುವ ಕಾಲ ಅದು.

ಲಾಲ್‌ಬಾಗ್‌ನ ವಾರ

ರಾಷ್ಟ್ರಪತಿ ಜಾಕಿರ್ ಹುಸೇನ್ 1969ರ ಮೇ 3ರಂದು ನಿಧನರಾದರು. ಅಧಿಕಾರದಲ್ಲಿದ್ದಾಗಲೇ ತೀರಿಕೊಂಡ ಮೊದಲ ರಾಷ್ಟ್ರಪತಿ ಅವರು. ಉಪರಾಷ್ಟ್ರಪತಿ ವಿ.ವಿ. ಗಿರಿ ಹಂಗಾಮಿಯಾಗಿ ಆ ಸ್ಥಾನಕ್ಕೆ ಬಂದರು. ಗಿರಿಯವರು 1965ರಿಂದ 1967ರವರೆಗೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದುದರಿಂದ ಬೆಂಗಳೂರಿಗೆ ಪರಿಚಿತರು. ಹೊಸ ರಾಷ್ಟ್ರಪತಿ ಯಾರಾಗಬೇಕೆಂಬ ಪ್ರಶ್ನೆ ಕಾಂಗ್ರೆಸ್ಸಿನೊಳಗೆ ಮೊದಲೇ ಇದ್ದ ಬಿರುಕನ್ನು ಬೆಳಕಿಗೆ ತಂದಿತು. ಒಂದು ಕಡೆ ಪ್ರಧಾನಿ ಇಂದಿರಾ ಗಾಂಧಿ. ಇನ್ನೊಂದು ಕಡೆ ಕೆ. ಕಾಮರಾಜ್, ಎಸ್.ಕೆ. ಪಾಟೀಲ್, ಅತುಲ್ಯ ಘೋಷ್, ನೀಲಂ ಸಂಜೀವ ರೆಡ್ಡಿ, ನಿಜಲಿಂಗಪ್ಪ ಮೊದಲಾದ ಹಿರಿಯರ ಗುಂಪು. ಪತ್ರಿಕೆಗಳು ಈ ಗುಂಪನ್ನು ‘ಸಿಂಡಿಕೇಟ್’ ಎಂದು ಕರೆದವು.

ಈ ಎರಡೂ ಬಣಗಳು ಎದುರುಬದುರಾದದ್ದು ಬೆಂಗಳೂರಿನಲ್ಲಿ. ಜುಲೈ ಎರಡನೆಯ ವಾರ ಕಾಂಗ್ರೆಸ್ ಕಾರ್ಯಸಮಿತಿಯೂ ಅಖಿಲ ಭಾರತ ಕಾಂಗ್ರೆಸ್ ಸಮಿತಿಯೂ ಇಲ್ಲಿ ಸೇರಿದವು. ಅಧಿವೇಶನಕ್ಕೆ ಲಾಲ್‌ಬಾಗ್‌ನ ಗಾಜಿನ ಮನೆ ಸಜ್ಜಾಯಿತು. 1889ರಲ್ಲಿ ಬ್ರಿಟಿಷ್ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಹಾಕಿದ, ತೋಟದ ಮೇಲ್ವಿಚಾರಕ ಜಾನ್ ಕ್ಯಾಮರಾನ್ ಕಾಲದ ಈ ಕಟ್ಟಡಕ್ಕೆ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಮಾದರಿ. ಫಲಪುಷ್ಪ ಪ್ರದರ್ಶನಕ್ಕೆ ಹೆಸರಾದ ಜಾಗದಲ್ಲಿ ಈಗ ಖಾದಿ ಟೋಪಿಗಳು ತುಂಬಿದವು. ಪಕ್ಷದ ಅಧ್ಯಕ್ಷರು ಈ ರಾಜ್ಯದವರೇ, ಆತಿಥ್ಯ ವಹಿಸಿದ ಮುಖ್ಯಮಂತ್ರಿ ಅವರ ಆಪ್ತರು. ಹಿರಿಯರ ಗುಂಪಿಗೆ ಬೆಂಗಳೂರು ಸ್ವಂತ ಮನೆಯಂಗಳವೇ ಆಗಿತ್ತು.

ಅಧಿವೇಶನದ ಆರಂಭಕ್ಕೆ ಇಂದಿರಾ ಗಾಂಧಿ ಬರಲಿಲ್ಲ. ಅವರು ಕಳುಹಿಸಿದ ಟಿಪ್ಪಣಿಯೊಂದನ್ನು ಫಕ್ರುದ್ದೀನ್ ಅಲಿ ಅಹ್ಮದ್ ಕಾರ್ಯಸಮಿತಿಯ ಮುಂದಿಟ್ಟರು. ಅವಸರದಲ್ಲಿ ಬರೆದ ಬಿಡಿ ಯೋಚನೆಗಳು ಎಂಬ ವಿನಯದ ಒಕ್ಕಣೆಯೊಂದಿಗೆ ಬಂದ ಆ ಹಾಳೆಗಳಲ್ಲಿ ದೊಡ್ಡ ಐದಾರು ಬ್ಯಾಂಕುಗಳ ರಾಷ್ಟ್ರೀಕರಣ, ನಗರದ ಆಸ್ತಿಗೆ ಮಿತಿ, ಏಕಸ್ವಾಮ್ಯಕ್ಕೆ ಕಡಿವಾಣ ಮುಂತಾದ ಸಲಹೆಗಳಿದ್ದವು. ಹಣಕಾಸು ಖಾತೆಯನ್ನೂ ಉಪಪ್ರಧಾನಿ ಸ್ಥಾನವನ್ನೂ ಹೊಂದಿದ್ದ ಮೊರಾರ್ಜಿ ದೇಸಾಯಿಯವರಿಗೆ ಬ್ಯಾಂಕ್ ರಾಷ್ಟ್ರೀಕರಣ ಒಪ್ಪಿಗೆ ಇರಲಿಲ್ಲ. ಬ್ಯಾಂಕುಗಳ ಮೇಲೆ ‘ಸಾಮಾಜಿಕ ನಿಯಂತ್ರಣ’ ಇದ್ದರೆ ಸಾಕು ಎಂಬುದು ಅವರ ನಿಲುವು. ಕೊನೆಗೆ ಎರಡೂ ಕಡೆಯವರು ಒಪ್ಪುವಂಥ ಒಂದು ಆರ್ಥಿಕ ನಿರ್ಣಯ ಅಂಗೀಕಾರವಾಯಿತು. ಮೇಲ್ನೋಟಕ್ಕೆ ರಾಜಿ ಆದಂತೆ ಕಂಡಿತು.

ರಾಷ್ಟ್ರಪತಿ ಅಭ್ಯರ್ಥಿಯ ವಿಷಯದಲ್ಲಿ ರಾಜಿಗೆ ಅವಕಾಶವಿರಲಿಲ್ಲ. ಜುಲೈ 12ರಂದು ಕಾಂಗ್ರೆಸ್ ಸಂಸದೀಯ ಮಂಡಳಿ ಬೆಂಗಳೂರಿನಲ್ಲೇ ಸಭೆ ಸೇರಿತು. ಗಾಂಧಿ ಜನ್ಮಶತಾಬ್ದಿಯ ವರ್ಷದಲ್ಲಿ ದಲಿತ ನಾಯಕರೊಬ್ಬರು ರಾಷ್ಟ್ರಪತಿಯಾಗಲಿ ಎಂದು ಇಂದಿರಾ ಗಾಂಧಿ ಜಗಜೀವನ ರಾಮ್ ಹೆಸರನ್ನು ಮುಂದಿಟ್ಟರು. ಬಹುಮತ ಲೋಕಸಭೆಯ ಸ್ಪೀಕರ್ ಸಂಜೀವ ರೆಡ್ಡಿಯವರ ಕಡೆ ಹೋಯಿತು. ಪ್ರಧಾನಿಯ ಇಚ್ಛೆಗೆ ವಿರುದ್ಧವಾಗಿ ಪಕ್ಷ ಅಭ್ಯರ್ಥಿಯನ್ನು ಆರಿಸಿತು. ಮರುದಿನವೇ ಗಿರಿಯವರು ತಾವು ಪಕ್ಷೇತರರಾಗಿ ಸ್ಪರ್ಧಿಸುವುದಾಗಿ ಸಾರಿದರು. ಅಧಿವೇಶನ ಮುಗಿದು ನಾಯಕರು ದೆಹಲಿಗೆ ಮರಳಿದರು.

ಜುಲೈ 16, ಬುಧವಾರ

ಸಂಸದೀಯ ಮಂಡಳಿಯ ಸಭೆ ನಡೆದ ನಾಲ್ಕು ದಿನಗಳ ಬಳಿಕ, ಬುಧವಾರ, ಪ್ರಧಾನಿ ಹಣಕಾಸು ಖಾತೆಯನ್ನು ಮೊರಾರ್ಜಿಯವರಿಂದ ತೆಗೆದುಕೊಂಡು ತಾವೇ ಇಟ್ಟುಕೊಂಡರು. ಖಾತೆಯಿಲ್ಲದ ಉಪಪ್ರಧಾನಿಯಾಗಿ ಉಳಿಯಲು ಮೊರಾರ್ಜಿ ಒಪ್ಪದೆ ಸಂಪುಟ ಬಿಟ್ಟರು. ಅದೇ ಬುಧವಾರ ಸಂಜೆ 7 ಗಂಟೆ 2 ನಿಮಿಷಕ್ಕೆ, ಅಲ್ಲಿನ ಲೆಕ್ಕದಲ್ಲಿ ಬೆಳಿಗ್ಗೆ 9.32ಕ್ಕೆ, ಅಮೆರಿಕದ ಫ್ಲಾರಿಡಾದಿಂದ ಅಪೊಲೊ 11 ಮೇಲೇರಿತು. ನೀಲ್ ಆರ್ಮ್‌ಸ್ಟ್ರಾಂಗ್, ಎಡ್ವಿನ್ ಆಲ್ಡ್ರಿನ್, ಮೈಕೆಲ್ ಕಾಲಿನ್ಸ್ ಅದರಲ್ಲಿದ್ದರು.

ಬುಧವಾರದ ಸಂಜೆಗೆ ಭಾರತದ ಕೇಳುಗರ ಪಾಲಿಗೆ ಇನ್ನೊಂದು ಗುರುತೂ ಇತ್ತು. ರೇಡಿಯೊ ಸಿಲೋನಿನಲ್ಲಿ ಅಮೀನ್ ಸಯಾನಿ ನಡೆಸಿಕೊಡುತ್ತಿದ್ದ ‘ಬಿನಾಕಾ ಗೀತಮಾಲಾ’ ಬರುತ್ತಿದ್ದದ್ದು ಬುಧವಾರ ರಾತ್ರಿ 8ಕ್ಕೆ. ಹಿಂದಿ ಚಿತ್ರಗೀತೆಗಳನ್ನು ಜನಪ್ರಿಯತೆಯ ಕ್ರಮದಲ್ಲಿ ಎಣಿಸುವ ಈ ಕಾರ್ಯಕ್ರಮಕ್ಕೆ ಕನ್ನಡ ನಾಡಿನ ಪಟ್ಟಣಗಳಲ್ಲೂ ಹಳ್ಳಿಗಳಲ್ಲೂ ಕಿವಿಗಳಿದ್ದವು. ಐವತ್ತರ ದಶಕದಲ್ಲಿ ಆಕಾಶವಾಣಿ ಚಿತ್ರಗೀತೆಗಳನ್ನು ದೂರವಿಟ್ಟಿದ್ದಾಗ ಸಿಲೋನ್ ಕೇಂದ್ರಕ್ಕೆ ಬಿದ್ದ ಅಭ್ಯಾಸ 1957ರಲ್ಲಿ ವಿವಿಧ ಭಾರತಿ ಬಂದ ಮೇಲೂ ಬಿಟ್ಟುಹೋಗಿರಲಿಲ್ಲ. ಖಾತೆ ಕಳೆದುಕೊಂಡ ಮಂತ್ರಿ, ಚಂದ್ರನತ್ತ ಹೊರಟ ನೌಕೆ, ಗೀತಮಾಲೆಯ ಹಾಡುಗಳು, ಈ ಮೂರೂ ಒಂದೇ ಪೆಟ್ಟಿಗೆಯಿಂದ ಒಂದೇ ದಿನ ಕೇಳಿಬರಬಹುದಾದ ಸಂಗತಿಗಳು.

ಶನಿವಾರ ರಾತ್ರಿಯ ಭಾಷಣ

ಖಾತೆ ಕೈಗೆ ಬಂದ ಮೂರೇ ದಿನದಲ್ಲಿ ಸುಗ್ರೀವಾಜ್ಞೆ ಸಿದ್ಧವಾಯಿತು. ಪ್ರಧಾನಿಯ ಕಾರ್ಯದರ್ಶಿ ಪಿ.ಎನ್. ಹಕ್ಸರ್ ಈ ಕೆಲಸದ ಹಿಂದಿನ ಮುಖ್ಯ ವ್ಯಕ್ತಿ. ಅವಸರಕ್ಕೆ ಕಾರಣ ಎರಡು. ಸೋಮವಾರ ಸಂಸತ್ತು ಸೇರುವುದಿತ್ತು; ಸದನ ನಡೆಯುವಾಗ ಸುಗ್ರೀವಾಜ್ಞೆ ಹೊರಡಿಸುವಂತಿಲ್ಲ. ಗಿರಿಯವರು ಚುನಾವಣೆಗೆ ನಿಲ್ಲಲು ಹುದ್ದೆ ಬಿಡುವವರಿದ್ದರು. ಅದಕ್ಕೆ ಮೊದಲು ಅವರ ಸಹಿ ಬೀಳಬೇಕಿತ್ತು. ಜುಲೈ 19ರ ಶನಿವಾರ ಸಹಿ ಬಿತ್ತು. ರಾತ್ರಿ ಎಂಟೂವರೆಗೆ ಇಂದಿರಾ ಗಾಂಧಿ ಆಕಾಶವಾಣಿಯಲ್ಲಿ ಮಾತನಾಡಿ ವಿಷಯವನ್ನು ದೇಶಕ್ಕೆ ತಿಳಿಸಿದರು. ಮರುದಿನ ಗಿರಿಯವರು ರಾಜೀನಾಮೆ ಕೊಟ್ಟರು. ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂ. ಹಿದಾಯತುಲ್ಲಾ ಹಂಗಾಮಿ ರಾಷ್ಟ್ರಪತಿಯಾದರು.

ಬೆಂಗಳೂರಿನ ಟಿಪ್ಪಣಿಯಲ್ಲಿ ಐದಾರು ಇದ್ದ ಬ್ಯಾಂಕುಗಳ ಸಂಖ್ಯೆ ಸುಗ್ರೀವಾಜ್ಞೆಗೆ ಬರುವಷ್ಟರಲ್ಲಿ ಹದಿನಾಲ್ಕಾಗಿತ್ತು. ಜೂನ್ ತಿಂಗಳ ಕೊನೆಯ ಶುಕ್ರವಾರಕ್ಕೆ ಯಾವ ಭಾರತೀಯ ಬ್ಯಾಂಕಿನ ಠೇವಣಿ 50 ಕೋಟಿ ರೂಪಾಯಿಗೆ ಕಡಿಮೆ ಇರಲಿಲ್ಲವೋ ಅದು ಸರ್ಕಾರಕ್ಕೆ ಸೇರಿತು. ವಿದೇಶಿ ಬ್ಯಾಂಕುಗಳನ್ನು ಕೈಬಿಡಲಾಯಿತು. ಕ್ರಮಕ್ಕೆ ಕೊಟ್ಟ ಸಮರ್ಥನೆ ಸರಳ: ಜನರ ಉಳಿತಾಯದಿಂದ ಬೆಳೆದ ಬ್ಯಾಂಕುಗಳ ಸಾಲ ದೊಡ್ಡ ಉದ್ಯಮಗಳ ಕಡೆಗೇ ಹರಿಯುತ್ತಿತ್ತು, ಒಟ್ಟು ಬ್ಯಾಂಕ್ ಸಾಲದಲ್ಲಿ ಕೃಷಿಯ ಪಾಲು ಶೇ. 2ರ ಆಸುಪಾಸಿನಲ್ಲಿತ್ತು. 1969ರ ಜೂನಿನಲ್ಲಿ ಇಡೀ ದೇಶದಲ್ಲಿ ಇದ್ದ ವಾಣಿಜ್ಯ ಬ್ಯಾಂಕ್ ಶಾಖೆಗಳು 8,262. ಅವುಗಳಲ್ಲಿ ಹಳ್ಳಿಗಳಲ್ಲಿದ್ದವು 1,833. ರೈತನಿಗೆ ಸಾಲವೆಂದರೆ ಸಾಹುಕಾರನ ಮನೆ, ಇಲ್ಲವೇ ಸಹಕಾರ ಸಂಘ.

ಕರಾವಳಿಯ ಬ್ಯಾಂಕುಗಳು

ಈ ಸಾಮಾನ್ಯ ಚಿತ್ರಕ್ಕೆ ಒಂದು ಅಪವಾದ ದಕ್ಷಿಣ ಕನ್ನಡ ಜಿಲ್ಲೆ. ಇಂದಿನ ಉಡುಪಿಯೂ ಆಗ ಅದರಲ್ಲೇ ಸೇರಿತ್ತು. ಹದಿನಾಲ್ಕರ ಪಟ್ಟಿಯಲ್ಲಿ ಎರಡು ಬ್ಯಾಂಕುಗಳು ಈ ಒಂದೇ ಜಿಲ್ಲೆಯಲ್ಲಿ ಹುಟ್ಟಿದವು. ಅಮ್ಮೆಂಬಳ ಸುಬ್ಬರಾವ್ ಪೈ 1906ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಮುಂದೆ ಕೆನರಾ ಬ್ಯಾಂಕ್ ಆಯಿತು. 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಮೂವರೂ ಕೂಡಿ ಉಡುಪಿಯಲ್ಲಿ ಕಟ್ಟಿದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಗಿ ಮಣಿಪಾಲದಲ್ಲಿ ನೆಲೆಯಾಯಿತು.

ಸಿಂಡಿಕೇಟಿನ ಆರಂಭದ ಬಂಡವಾಳ ಎಂಟು ಸಾವಿರ ರೂಪಾಯಿ. ನೇಕಾರರಿಗೆ ನೆರವಾಗುವುದು ಅದರ ಮೊದಲ ಉದ್ದೇಶಗಳಲ್ಲೊಂದು. 1928ರಲ್ಲಿ ಅದು ‘ಪಿಗ್ಮಿ’ ಠೇವಣಿ ತಂದಿತು. ಏಜೆಂಟ್ ದಿನವೂ ಮನೆಬಾಗಿಲಿಗೆ, ಅಂಗಡಿಗೆ ಬಂದು ಎರಡಾಣೆಯಷ್ಟು ಪುಟ್ಟ ಮೊತ್ತವನ್ನೂ ಪಡೆದು ಚೀಟಿ ಕೊಡುತ್ತಿದ್ದ. ಪಿಗ್ಮಿ ಕಟ್ಟುವುದು ಎಂಬ ಮಾತು ಅಲ್ಲಿಂದ ಹೊರಟು ಇಡೀ ನಾಡಿನ ಬಳಕೆಗೆ ಬಂತು. ಬೀಡಿ ಕಟ್ಟುವವರು, ಮೀನು ಮಾರುವವರು, ಗೂಡಂಗಡಿಯವರು ಬ್ಯಾಂಕಿನ ಮೆಟ್ಟಿಲು ಹತ್ತದೆಯೇ ಗ್ರಾಹಕರಾದರು. ಬ್ಯಾಂಕು ಬಡವರ ಬಳಿ ಹೋಗಬೇಕು ಎಂದು 1969ರಲ್ಲಿ ದೆಹಲಿ ಹೇಳಿದ್ದನ್ನು ಉಡುಪಿ ನಾಲ್ಕು ದಶಕಗಳ ಹಿಂದೆಯೇ ತನ್ನ ಲಾಭದ ಲೆಕ್ಕದಲ್ಲಿ ಮಾಡಿ ನೋಡಿತ್ತು.

ಇಲ್ಲೇ ಇಷ್ಟು ಬ್ಯಾಂಕುಗಳು ಏಕೆ ಹುಟ್ಟಿದವು ಎಂಬುದಕ್ಕೆ ಹಲವು ಕಾರಣಗಳು ಕೂಡಿವೆ. ಮಂಗಳೂರು ಬಂದರಿನ ಮೂಲಕ ಹೆಂಚು, ಅಡಿಕೆ, ಗೇರುಬೀಜ, ಮೆಣಸಿನ ವ್ಯಾಪಾರ ನಡೆಯುತ್ತಿತ್ತು; ಅದಕ್ಕೆ ನಗದು ಬೇಕಿತ್ತು. ಹೋಟೆಲು ನಡೆಸಲು ಮುಂಬಯಿ, ಮದರಾಸಿಗೆ ಹೋದವರು ಊರಿಗೆ ಹಣ ಕಳುಹಿಸುತ್ತಿದ್ದರು. ಶಾಲೆ, ವಿದ್ಯಾರ್ಥಿನಿಲಯಗಳನ್ನು ಕಟ್ಟಿಕೊಂಡ ಹಾಗೆಯೇ ಆಯಾ ಸಮುದಾಯದವರು ಬ್ಯಾಂಕನ್ನೂ ಕಟ್ಟಿಕೊಂಡರು. ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ನಿಂತು 1906ರಲ್ಲಿ ಉಡುಪಿಯಲ್ಲಿ ಸ್ಥಾಪಿಸಿದ ಕಾರ್ಪೊರೇಷನ್ ಬ್ಯಾಂಕ್, ಅತ್ತಾವರ ಬಾಲಕೃಷ್ಣ ಶೆಟ್ಟರು 1931ರಲ್ಲಿ ಮಂಗಳೂರಿನಲ್ಲಿ ಕಟ್ಟಿದ ವಿಜಯಾ ಬ್ಯಾಂಕ್, 1924ರ ಕರ್ಣಾಟಕ ಬ್ಯಾಂಕ್ ಇದೇ ನೆಲದವು. 1969ರಲ್ಲಿ ಇವುಗಳ ಠೇವಣಿ 50 ಕೋಟಿಯ ಗೆರೆ ಮುಟ್ಟಿರಲಿಲ್ಲವಾದ್ದರಿಂದ ಖಾಸಗಿಯಾಗಿಯೇ ಉಳಿದವು.

ಆ ವಾರ ಕರಾವಳಿಯಲ್ಲಿ ಪತ್ರಿಕೆ ಓದಿದವರಿಗೆ ‘ಸಿಂಡಿಕೇಟ್’ ಎಂಬ ಒಂದೇ ಪದ ಎರಡು ಅರ್ಥದಲ್ಲಿ ಎದುರಾಗಿರಬೇಕು. ಒಂದು, ಪ್ರಧಾನಿಯ ವಿರುದ್ಧ ನಿಂತ ಹಿರಿಯರ ಕೂಟ. ಇನ್ನೊಂದು, ಪ್ರಧಾನಿ ಸರ್ಕಾರಕ್ಕೆ ತೆಗೆದುಕೊಂಡ ಮಣಿಪಾಲದ ಬ್ಯಾಂಕು.

ಚಂದ್ರನ ಮೇಲಿನ ದಿನ

ಜುಲೈ 21ರ ನಸುಕಿನ 1 ಗಂಟೆ 47 ನಿಮಿಷಕ್ಕೆ ‘ಈಗಲ್’ ನೌಕೆ ಚಂದ್ರನ ಪ್ರಶಾಂತ ಸಾಗರ ಎಂಬ ಬಯಲಿನಲ್ಲಿ ಇಳಿಯಿತು. ಅಮೆರಿಕದಲ್ಲಿ ಆಗ ಇನ್ನೂ 20ರ ಭಾನುವಾರ. ಅಲ್ಲಿನ ದಾಖಲೆಗಳಲ್ಲಿ 20 ಎಂದೂ ಇಲ್ಲಿನ ಲೆಕ್ಕದಲ್ಲಿ 21 ಎಂದೂ ಕಾಣುವುದು ಇದರಿಂದಲೇ. ಬೆಳಿಗ್ಗೆ 8.26ಕ್ಕೆ ಆರ್ಮ್‌ಸ್ಟ್ರಾಂಗ್ ಏಣಿಯಿಳಿದರು, ಹತ್ತೊಂಬತ್ತು ನಿಮಿಷಗಳ ಬಳಿಕ ಆಲ್ಡ್ರಿನ್. ಸುಮಾರು ಎರಡೂವರೆ ಗಂಟೆ ಹೊರಗಿದ್ದು 21.5 ಕಿಲೋಗ್ರಾಂ ಕಲ್ಲು, ಮಣ್ಣು ಸಂಗ್ರಹಿಸಿದರು. ಕಾಲಿನ್ಸ್ ಒಬ್ಬರೇ ಮೇಲಿನ ಕಕ್ಷೆಯಲ್ಲಿ ಸುತ್ತುತ್ತಿದ್ದರು. 73 ದೇಶಗಳ ನಾಯಕರ ಶುಭಸಂದೇಶಗಳನ್ನು ಅತಿ ಸಣ್ಣ ಅಕ್ಷರದಲ್ಲಿ ಕೊರೆದ ಸಿಲಿಕಾನ್ ಬಿಲ್ಲೆಯೊಂದನ್ನು ನೆಲಕ್ಕಿಳಿದ ಇಬ್ಬರೂ ಚಂದ್ರನ ಮೇಲೆ ಬಿಟ್ಟುಬಂದರು. ಭಾರತದ ಪರವಾಗಿ ಇಂದಿರಾ ಗಾಂಧಿಯವರ ಸಂದೇಶ ಅದರಲ್ಲಿದೆ.

ಜಗತ್ತಿನ ಹಲವು ದೇಶಗಳಲ್ಲಿ ಕೋಟ್ಯಂತರ ಜನ ಇದನ್ನು ಟೆಲಿವಿಷನ್ನಿನಲ್ಲಿ ನೇರವಾಗಿ ಕಂಡರು. ಭಾರತದಲ್ಲಿ ಇದು ಕೇಳುವ ಘಟನೆಯಾಯಿತು. ಆಕಾಶವಾಣಿಯ ವಾರ್ತೆ, ವಾಯ್ಸ್ ಆಫ್ ಅಮೆರಿಕ, ಬಿಬಿಸಿ ಇವೇ ಆಧಾರ. ಬೆಳಿಗ್ಗೆ ಎಂಟೂವರೆಯ ಸುದ್ದಿಯನ್ನು ಅಂದಿನ ಪತ್ರಿಕೆ ಕೊಡುವಂತಿರಲಿಲ್ಲ. ಅದು ಅಚ್ಚಿನಲ್ಲಿ ಓದಲು ಸಿಕ್ಕಿದ್ದು 22ರಂದು. ಚಂದ್ರನ ಮೇಲಿನ ಚಿತ್ರಗಳು ಬರಲು ಇನ್ನೂ ಹೊತ್ತು ಹಿಡಿಯಿತು.

ಆಕಾಶದ ಲೆಕ್ಕದಲ್ಲೂ ಒಂದು ಸ್ವಾರಸ್ಯವಿತ್ತು. ಅಮಾವಾಸ್ಯೆ ಕಳೆದು ಒಂದು ವಾರವಾಗಿತ್ತು. ನೌಕೆ ಇಳಿದ ನಸುಕಿನಲ್ಲಿ ಚಂದ್ರ ಭಾರತದ ಪಾಲಿಗೆ ಮುಳುಗಿಯಾಗಿತ್ತು. ಕಾಲಿಟ್ಟ ಬೆಳಿಗ್ಗೆ ಇನ್ನೂ ಮೂಡಿರಲಿಲ್ಲ. ಆದರೆ ನೌಕೆ ಮತ್ತೆ ಮೇಲೆದ್ದದ್ದು ಅಂದು ರಾತ್ರಿ 11.24ಕ್ಕೆ. ಸೋಮವಾರ ಸಂಜೆ ಮಳೆಮೋಡ ಸರಿದ ಕಡೆಯಲ್ಲೆಲ್ಲ ಅರ್ಧಚಂದ್ರ ಕಾಣುತ್ತಿದ್ದಾಗ ಇಬ್ಬರು ಮನುಷ್ಯರು ಇನ್ನೂ ಅದರ ಮೇಲೆಯೇ ಇದ್ದರು. ಅಂಗಳದಲ್ಲಿ ನಿಂತು ಚಂದಮಾಮನನ್ನು ತೋರಿಸಿ ಮಗುವಿಗೆ ಉಣ್ಣಿಸುವ ಹೊತ್ತು ಅದು.

ಅದೇ ರಾತ್ರಿ ಒಂಬತ್ತು ಗಂಟೆಯ ನಂತರ ಸೋವಿಯತ್ ರಷ್ಯಾದ ಮಾನವರಹಿತ ನೌಕೆ ಲೂನಾ 15 ಚಂದ್ರನಿಗೆ ಅಪ್ಪಳಿಸಿ ನಾಶವಾಯಿತು. ಅಪೊಲೊಗಿಂತ ಮೂರು ದಿನ ಮೊದಲೇ, ಜುಲೈ 13ರಂದು, ಅದು ಹೊರಟಿತ್ತು. ಚಂದ್ರನ ಮಣ್ಣು ಮೊದಲು ಯಾರ ಕೈಗೆ ಎಂಬ ಪೈಪೋಟಿ ಅಲ್ಲಿಗೆ ತೀರಿತು. 24ರ ರಾತ್ರಿ 10.20ಕ್ಕೆ ಮೂವರು ಯಾತ್ರಿಗಳೂ ಪೆಸಿಫಿಕ್ ಸಾಗರದಲ್ಲಿ ಇಳಿದರು. ಅಕ್ಟೋಬರಿನಲ್ಲಿ ವಿಶ್ವಪ್ರವಾಸದ ಭಾಗವಾಗಿ ಅವರು ಮುಂಬಯಿಗೂ ಬಂದು ಹೋದರು.

ಸಿನಿಮಾ, ನಾಟಕ, ಹಾಡು

ಜುಲೈ ಕರಾವಳಿಯಲ್ಲಿ ಮನರಂಜನೆಯ ಬಿಡುವಿನ ತಿಂಗಳು. ಯಕ್ಷಗಾನ ಮೇಳಗಳು ಮೇ ಕೊನೆಯ ಪತ್ತನಾಜೆ ಎಂಬ ದಿನದ ಹೊತ್ತಿಗೆ ಗೆಜ್ಜೆ ಬಿಚ್ಚಿದರೆ ಮಳೆಗಾಲ ಕಳೆದ ಮೇಲೆಯೇ ಮತ್ತೆ ತಿರುಗಾಟ. ಬಯಲುಸೀಮೆಯಲ್ಲಿ ಟೆಂಟು ಸಿನಿಮಾ, ಪಟ್ಟಣಗಳಲ್ಲಿ ಟಾಕೀಸು ನಡೆಯುತ್ತಿದ್ದವು. ಬೆಂಗಳೂರಿನ ಕೆಂಪೇಗೌಡ ರಸ್ತೆಯ ಚಿತ್ರಮಂದಿರಗಳ ಸಾಲು ಹೊರಗಿನಿಂದ ಬಂದವರಿಗೆ ಊರಿನ ಆಕರ್ಷಣೆಗಳಲ್ಲೊಂದು. ಟಾಕೀಸಿನ ಬಾಗಿಲಲ್ಲಿ ಹಾಡಿನ ಪುಸ್ತಕ ಮಾರಾಟಕ್ಕಿರುತ್ತಿತ್ತು.

ಕನ್ನಡ ಚಿತ್ರರಂಗಕ್ಕೆ 1969 ತಿರುವಿನ ವರ್ಷಗಳಲ್ಲೊಂದು. ಚದುರಂಗರ ಕಾದಂಬರಿಯನ್ನು ಆಧರಿಸಿ ಎನ್. ಲಕ್ಷ್ಮೀನಾರಾಯಣ್ ‘ಉಯ್ಯಾಲೆ’ ಮಾಡಿದ್ದು, ಪುಟ್ಟಣ್ಣ ಕಣಗಾಲ್ ‘ಮಲ್ಲಮ್ಮನ ಪವಾಡ’ವನ್ನೂ ಎಂ.ಕೆ. ಇಂದಿರಾ ಅವರ ಕಾದಂಬರಿಯಿಂದ ‘ಗೆಜ್ಜೆಪೂಜೆ’ಯನ್ನೂ ನಿರ್ದೇಶಿಸಿದ್ದು ಆ ಹೊತ್ತಿನಲ್ಲೇ. ಪೌರಾಣಿಕ, ಐತಿಹಾಸಿಕ ಚಿತ್ರಗಳು ಹಿಂದೆ ಸರಿದು ಕಾದಂಬರಿಯ ಮನೆ, ಹೆಣ್ಣು, ಸಂಸಾರ ತೆರೆಗೆ ಬಂದವು. ಇನ್ನೊಂದು ತುದಿಯಲ್ಲಿ ಜೇಮ್ಸ್ ಬಾಂಡ್ ಅಲೆ ಇತ್ತು. 1968ರ ‘ಜೇಡರ ಬಲೆ’ಯಿಂದ ಆರಂಭವಾದ ಸಿಐಡಿ 999 ಸರಣಿಯಲ್ಲಿ ರಾಜ್‌ಕುಮಾರ್ ಕೋಟು ತೊಟ್ಟು ಪಿಸ್ತೂಲು ಹಿಡಿದರು, ದೊರೈ–ಭಗವಾನ್ ಜೋಡಿ ಅದಕ್ಕೆ ನಿರ್ದೇಶಕರು. 1964ರಲ್ಲೇ ‘ಅಮರಶಿಲ್ಪಿ ಜಕಣಾಚಾರಿ’ ಪೂರ್ಣ ವರ್ಣದಲ್ಲಿ ಬಂದಿದ್ದರೂ ಹೆಚ್ಚಿನ ಚಿತ್ರಗಳು ಇನ್ನೂ ಕಪ್ಪು ಬಿಳುಪಿನವೇ. ರಂಗಭೂಮಿಯಲ್ಲಿ ಮಾಸ್ಟರ್ ಹಿರಣ್ಣಯ್ಯನವರ ‘ಲಂಚಾವತಾರ’ ಆ ವರ್ಷಗಳ ದೊಡ್ಡ ಜನಪ್ರಿಯ ನಾಟಕ. ಆ ದಿನದ ರಾಜಕೀಯವನ್ನು ಆ ರಾತ್ರಿಯೇ ಮಾತಿನಲ್ಲಿ ಹೆಣೆದು ಆಡುವುದು ಅವರ ರೀತಿ. ಪತ್ರಿಕೆಯ ಸುದ್ದಿ ರಂಗದ ಮೇಲೆ ನಗೆಯಾಗಿ ಮರಳುತ್ತಿತ್ತು.

ಪಶ್ಚಿಮದಲ್ಲಿ ಆ ತಿಂಗಳ ಹಾಡು, ಸಿನಿಮಾಗಳೂ ಕಾಲದ ಗುರುತನ್ನೇ ಹೊತ್ತವು. ರೋಲಿಂಗ್ ಸ್ಟೋನ್ಸ್ ತಂಡದ ಬ್ರಯಾನ್ ಜೋನ್ಸ್ ಜುಲೈ 3ರಂದು ತೀರಿಕೊಂಡರು. ಬಾಹ್ಯಾಕಾಶದಲ್ಲಿ ಕಳೆದುಹೋಗುವ ಯಾತ್ರಿಯ ಕುರಿತ ಡೇವಿಡ್ ಬೋವಿಯ ‘ಸ್ಪೇಸ್ ಆಡಿಟಿ’ ಅಪೊಲೊ ಹೊರಡುವುದಕ್ಕೆ ಐದು ದಿನ ಮೊದಲು ಲಂಡನ್ನಿನಲ್ಲಿ ಬಿಡುಗಡೆಯಾಯಿತು. ಹಿಪ್ಪಿ ಯುವಕರ ಅಲೆದಾಟದ ಚಿತ್ರ ‘ಈಸಿ ರೈಡರ್’ ಜುಲೈ 14ರಂದು ನ್ಯೂಯಾರ್ಕಿನಲ್ಲಿ ತೆರೆಕಂಡಿತು.

ತಿಂಗಳು ಮುಗಿದ ಮೇಲೆ

ಬೆಂಗಳೂರಿನಲ್ಲಿ ಎದ್ದ ಪ್ರಶ್ನೆಗೆ ಆಗಸ್ಟಿನಲ್ಲಿ ಉತ್ತರ ಸಿಕ್ಕಿತು. ಆತ್ಮಸಾಕ್ಷಿಗೆ ಅನುಗುಣವಾಗಿ ಮತ ಹಾಕಿ ಎಂದು ಇಂದಿರಾ ಗಾಂಧಿ ಕರೆಕೊಟ್ಟರು. ಆಗಸ್ಟ್ 16ರಂದು ಮತದಾನ ನಡೆಯಿತು. ಮೊದಲ ಪ್ರಾಶಸ್ತ್ಯದ ಮತಗಳಲ್ಲಿ ಯಾರಿಗೂ ಬೇಕಾದಷ್ಟು ಬರಲಿಲ್ಲ. ಎರಡನೆಯ ಪ್ರಾಶಸ್ತ್ಯದ ಮತಗಳನ್ನೂ ಎಣಿಸಿದಾಗ ಗಿರಿಯವರಿಗೆ 4,20,077, ಸಂಜೀವ ರೆಡ್ಡಿಯವರಿಗೆ 4,05,427 ಮತಮೌಲ್ಯ ಬಂದು ಗಿರಿ ಗೆದ್ದರು. ನವೆಂಬರ್ 12ರಂದು ನಿಜಲಿಂಗಪ್ಪನವರ ನೇತೃತ್ವದ ಪಕ್ಷ ಪ್ರಧಾನಿಯನ್ನೇ ಉಚ್ಚಾಟಿಸಿತು, ಕಾಂಗ್ರೆಸ್ ಎರಡಾಯಿತು. ಮೈಸೂರು ರಾಜ್ಯದ ಸರ್ಕಾರ ನಿಜಲಿಂಗಪ್ಪನವರ ಬಣವಾದ ಸಂಸ್ಥಾ ಕಾಂಗ್ರೆಸ್ಸಿನೊಂದಿಗೆ ನಿಂತಿತು. ಡಿ. ದೇವರಾಜ ಅರಸರು ಇಂದಿರಾ ಕಡೆ ಉಳಿದರು. 1971ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 27 ಸ್ಥಾನಗಳೂ ಇಂದಿರಾ ಕಾಂಗ್ರೆಸ್ಸಿಗೆ ಹೋದವು. ವೀರೇಂದ್ರ ಪಾಟೀಲರ ಸರ್ಕಾರ ಬಿತ್ತು. 1972ರಲ್ಲಿ ಅರಸರು ಮುಖ್ಯಮಂತ್ರಿಯಾದರು. ಹಿರಿಯರು ತಮ್ಮ ಮನೆಯಂಗಳದಲ್ಲೇ ಗೆದ್ದಿದ್ದ ಮತ ಮೂರು ವರ್ಷಗಳೊಳಗೆ ಆ ಮನೆಯನ್ನೇ ಅವರಿಂದ ಬಿಡಿಸಿತ್ತು.

ಬ್ಯಾಂಕುಗಳ ಕಥೆ ನ್ಯಾಯಾಲಯ ಹತ್ತಿತು. ಸುಗ್ರೀವಾಜ್ಞೆಯ ಜಾಗದಲ್ಲಿ ಬಂದ ಕಾಯ್ದೆಯನ್ನು ಆರ್.ಸಿ. ಕೂಪರ್ ಎಂಬ ಷೇರುದಾರರು ಪ್ರಶ್ನಿಸಿದರು. 1970ರ ಫೆಬ್ರುವರಿ 10ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ನಾಲ್ಕೇ ದಿನದಲ್ಲಿ ಹೊಸ ಸುಗ್ರೀವಾಜ್ಞೆ ಬಂತು. 1969ರ ಡಿಸೆಂಬರಿನಲ್ಲಿ ಜಾರಿಯಾದ ಲೀಡ್ ಬ್ಯಾಂಕ್ ಯೋಜನೆ ಒಂದೊಂದು ಜಿಲ್ಲೆಯ ಹೊಣೆಯನ್ನು ಒಂದೊಂದು ಬ್ಯಾಂಕಿಗೆ ಒಪ್ಪಿಸಿತು. ಶಾಖೆಗಳು ಹೋಬಳಿಗಳನ್ನು ಮುಟ್ಟಿದವು. 1980ರ ಏಪ್ರಿಲಿನಲ್ಲಿ ಇನ್ನೂ ಆರು ಬ್ಯಾಂಕುಗಳು ರಾಷ್ಟ್ರೀಕರಣವಾದಾಗ ಕಾರ್ಪೊರೇಷನ್, ವಿಜಯಾ ಬ್ಯಾಂಕುಗಳೂ ಸೇರಿದವು. ಕರ್ಣಾಟಕ ಬ್ಯಾಂಕ್ ಖಾಸಗಿಯಾಗಿಯೇ ಮುಂದುವರಿಯಿತು. ಎಂಬತ್ತರ ದಶಕದಲ್ಲಿ ಕೇಂದ್ರದ ಹಣಕಾಸು ಖಾತೆಯ ರಾಜ್ಯ ಸಚಿವರಾಗಿದ್ದ ಜನಾರ್ದನ ಪೂಜಾರಿಯವರ ಸಾಲ ಮೇಳಗಳು ಬ್ಯಾಂಕನ್ನು ಬಯಲಿಗೆ, ಶಾಮಿಯಾನದಡಿಗೆ ತಂದವು. ಅವರೂ ದಕ್ಷಿಣ ಕನ್ನಡದವರೇ. ಬಡವರಿಗೆ ಸಾಲ ದೊರೆಯಿತೆಂಬ ಮೆಚ್ಚುಗೆ, ಸಾಲ ಮರಳಲಿಲ್ಲವೆಂಬ ಟೀಕೆ ಎರಡೂ ಅವುಗಳ ಬೆನ್ನಿಗೆ ಬಂದವು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡದಲ್ಲೂ, ಒಂದು ವರ್ಷದ ಬಳಿಕ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲೂ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲೂ ವಿಲೀನವಾದವು. 1969ರ ಪಟ್ಟಿಯಲ್ಲಿದ್ದ ಕರಾವಳಿಯ ಎರಡು ಹೆಸರುಗಳಲ್ಲಿ ಈಗ ಉಳಿದದ್ದು ಒಂದು.

ಚಂದ್ರಯಾನದ ಸುದ್ದಿಗೂ ಇಲ್ಲಿ ಮುಂದುವರಿಕೆ ಇತ್ತು. ಅಪೊಲೊ ಮರಳಿದ ಮೂರು ವಾರಗಳಲ್ಲಿ, 1969ರ ಆಗಸ್ಟ್ 15ರಂದು, ಇಸ್ರೊ ಸ್ಥಾಪನೆಯಾಯಿತು. ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದ ಕೈಗಾರಿಕಾ ಷೆಡ್ಡುಗಳಲ್ಲಿ ಸಿದ್ಧವಾದ ‘ಆರ್ಯಭಟ’ ಉಪಗ್ರಹ 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟಿನಲ್ಲಿ ಮೇಲೇರಿತು. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಚಂದ್ರನ ದಕ್ಷಿಣ ಧ್ರುವದ ಸಮೀಪ ಇಳಿದಾಗ ಅದರ ನಿಯಂತ್ರಣ ಕೊಠಡಿ ಇದ್ದದ್ದು ಬೆಂಗಳೂರಿನಲ್ಲಿ. ಆ ಇಳಿತವನ್ನು ಜನ ಕಣ್ಣಾರೆ ಪರದೆಯ ಮೇಲೆ ನೋಡಿದರು.

ಸುದ್ದಿಯ ಜಗತ್ತಿನಲ್ಲೂ ಒಂದು ಬದಲಾವಣೆ ಹತ್ತಿರದಲ್ಲೇ ಇತ್ತು. ಆ ಜುಲೈ ಕಳೆದು ಆರು ತಿಂಗಳಾಗುವ ಮೊದಲೇ, 1970ರ ಜನವರಿ 1ರಂದು, ಮಣಿಪಾಲದಿಂದ ‘ಉದಯವಾಣಿ’ ದಿನಪತ್ರಿಕೆ ಹೊರಟಿತು. ಕರಾವಳಿಯ ಓದುಗರಿಗೆ ದೆಹಲಿಯ, ಬೆಂಗಳೂರಿನ, ಚಂದ್ರನ ಸುದ್ದಿಯನ್ನು ಬೆಳಿಗ್ಗೆಯೇ ಮುಟ್ಟಿಸುವ ಇನ್ನೊಂದು ಪತ್ರಿಕೆ ಆ ನೆಲದಲ್ಲೇ ಅಚ್ಚಾಗತೊಡಗಿತು.